ಬೊಂಬೆ ಗಾಡಿಗೆ ಬೆಲೆ ಕಟ್ಟುವುದು ಹೇಗೆ?

ಬಾಸ್ಟನ್ ಸಮೀಪ ಹಳೆಯ ಮನೆ ಕೊಂಡ ಓದುಗರೊಬ್ಬರಿಗೆ ಅಟ್ಟದಲ್ಲಿ ಬೆತ್ತದ ಬೊಂಬೆ ಗಾಡಿ ಸಿಕ್ಕಿದೆ. ಎಷ್ಟು ಬಾಳೀತು, ಎಲ್ಲಿ ಮಾರುವುದು ಎಂಬುದು ಅವರ ಪ್ರಶ್ನೆ.

ಅಮೆರಿಕದ ಬೆತ್ತದ ಉದ್ಯಮ ಬೆಳೆದದ್ದೇ ಆ ಸೀಮೆಯಲ್ಲಿ. ಬಾಸ್ಟನ್ ಬಂದರಿನಲ್ಲಿ ಹಡಗಿನಿಂದಿಳಿಸಿ ಬಿಸಾಡುತ್ತಿದ್ದ ಬೆತ್ತದಿಂದಲೇ ಸೈರಸ್ ವೇಕ್‌ಫೀಲ್ಡ್ ವ್ಯಾಪಾರ ಕಟ್ಟಿದ. 1897ರಲ್ಲಿ ವೇಕ್‌ಫೀಲ್ಡ್ ಕಂಪನಿ ಗಾರ್ಡ್ನರ್ ಪಟ್ಟಣದ ಹೇವುಡ್ ಸಂಸ್ಥೆಯ ಜೊತೆ ಒಂದಾಯಿತು. ಈ ಗಾಡಿಯೂ ಅವರದೇ ಇರಬಹುದು. ಆದ್ದರಿಂದ ಮೊದಲು ಅದನ್ನು ಮಗುಚಿ, ತಳದಲ್ಲಿ ತಯಾರಕರ ಚೀಟಿ ಉಳಿದಿದೆಯೇ ನೋಡಬೇಕು.

ಆಮೇಲೆ ಹೆಣಿಗೆ. ನೆಟ್ಟಗೆ ನಿಂತ ಎಳೆಗಳಿಗೆ ಅಯಸ್ಕಾಂತ ತಾಗಿಸಲಿ. ಕಚ್ಚಿಕೊಂಡರೆ ಅದು ಬೆತ್ತವಲ್ಲ. ಬಹುಶಃ ಉಕ್ಕಿನ ತಂತಿಗೆ ಕಾಗದ ಸುತ್ತಿ ನೇಯ್ದ ಲಾಯ್ಡ್ ಲೂಮ್. ಮಾರ್ಷಲ್ ಲಾಯ್ಡ್ ಆ ವಿಧಾನ ರೂಪಿಸಿದ್ದು 1917ರಲ್ಲಿ. ಕಾಗದದ ಹೆಣಿಗೆಗೆ ನೀರು ಸೋಕಿಸಬಾರದು, ಮೆತ್ತನೆಯ ಬ್ರಷ್‌ನಿಂದ ದೂಳು ಕೊಡವಿದರೆ ಸಾಕು.

ಮಾರುವ ಮುನ್ನ ಹೊಸ ಬಣ್ಣ ಬಳಿಯುವುದಂತೂ ಬೇಡವೇ ಬೇಡ. ಮೂಲ ಬಣ್ಣ, ಮೂಲ ಚಕ್ರ, ಒಳಗಿನ ಹಳೆಯ ಬಟ್ಟೆ ಇವಕ್ಕೇ ಸಂಗ್ರಾಹಕರು ಹಣ ಕೊಡುವುದು.

ಈಬೇಯಲ್ಲಿ ಮಾರಾಟಗಾರರು ಕೇಳುವ ಬೆಲೆ ನಂಬಬೇಡಿ; ಮಾರಾಟವಾದ ವಸ್ತುಗಳನ್ನಷ್ಟೇ ಸೋಸಿ ನೋಡಿ, ನಿಜವಾದ ದರ ತಿಳಿಯುತ್ತದೆ. ಬೆಲೆ ಕಟ್ಟಿದವರೇ ಕೊಳ್ಳಲು ಮುಂದಾದರೆ ಇನ್ನೊಬ್ಬರಿಗೂ ತೋರಿಸುವುದು ಒಳ್ಳೆಯದು. ಹರಾಜು ಸಂಸ್ಥೆಗೆ ಒಪ್ಪಿಸುವ ಮೊದಲೇ ಕಮಿಷನ್ ಎಷ್ಟೆಂದು ಬರವಣಿಗೆಯಲ್ಲಿ ಪಡೆಯಲಿ. ಗಾಡಿ ಹಗುರವಾದರೂ ಪೆಟ್ಟಿಗೆ ದೊಡ್ಡದಾಗುವುದರಿಂದ ಸಾಗಣೆ ದುಬಾರಿ. ಬಂದು ಒಯ್ಯುವ ಸ್ಥಳೀಯ ಗಿರಾಕಿ ಸಿಕ್ಕರೆ ಆ ಖರ್ಚು ಉಳಿಯುತ್ತದೆ.