ಡ್ರೋನ್ ಹಾರಿಸುವ ಮುನ್ನ ಆಕಾಶದ ಬಣ್ಣ ನೋಡಿ

ಮದುವೆ ವಿಡಿಯೊ ತೆಗೆಯುವವರಿಂದ ಹಿಡಿದು ಹೊಲಕ್ಕೆ ಔಷಧಿ ಹೊಡೆಯುವವರವರೆಗೆ ಈಗ ಹಲವರ ಕೈಯಲ್ಲಿ ಡ್ರೋನ್ ಇದೆ. ಕೊಳ್ಳುವಾಗ ಕ್ಯಾಮೆರಾ ಹೇಗಿದೆ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂದೆಲ್ಲ ವಿಚಾರಿಸುತ್ತೇವೆ. ಹಾರಿಸುವ ಜಾಗದ ಮೇಲಿನ ಆಕಾಶ ಯಾವ ವಲಯಕ್ಕೆ ಸೇರಿದೆ ಎಂದು ಕೇಳುವವರು ಕಡಿಮೆ. ಜನರನ್ನು ಹೊತ್ತ ವಿಮಾನ, ಹೆಲಿಕಾಪ್ಟರ್‌ಗಳೂ ಅದೇ ಆಕಾಶದಲ್ಲಿ ಓಡಾಡುವುದರಿಂದ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಅದೇ.

2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳು ದೇಶದ ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ಮೂರು ವಲಯಗಳಾಗಿ ವಿಂಗಡಿಸಿವೆ. ಇದರ ನಕ್ಷೆ ‘ಡಿಜಿಟಲ್ ಸ್ಕೈ’ ಜಾಲತಾಣದಲ್ಲಿದೆ.

ಮೊದಲ ಕೆಲಸ: ನಕ್ಷೆ ತೆರೆಯಿರಿ

ಊರಿನ ಹೆಸರು ಹುಡುಕಿ ಅಷ್ಟಕ್ಕೇ ಬಿಡಬೇಡಿ. ನೀವು ನಿಲ್ಲುವ ಹೊಲ, ಕಲ್ಯಾಣ ಮಂಟಪ ಕಾಣುವವರೆಗೂ ನಕ್ಷೆಯನ್ನು ಹಿಗ್ಗಿಸಿ. ಒಂದೇ ತಾಲ್ಲೂಕಿನೊಳಗೆ ಬಣ್ಣ ಬದಲಾಗಬಹುದು. ಬೆಂಗಳೂರಿನಲ್ಲಂತೂ ದೇವನಹಳ್ಳಿಯ ವಿಮಾನ ನಿಲ್ದಾಣ, ಯಲಹಂಕದ ವಾಯುಪಡೆ ನೆಲೆ, ಜಕ್ಕೂರು, ಎಚ್‌ಎಎಲ್ ಎಲ್ಲವೂ ಹತ್ತಿರ ಹತ್ತಿರ ಇವೆ. ನಗರದ ಉತ್ತರ, ಪೂರ್ವ ಭಾಗದವರು ನಕ್ಷೆ ನೋಡದೆ ಡ್ರೋನ್ ಪೆಟ್ಟಿಗೆಯನ್ನೇ ತೆಗೆಯಬಾರದು.

ಜಾಗ ಹಸಿರು ವಲಯದಲ್ಲಿದ್ದರೆ 400 ಅಡಿ, ಅಂದರೆ 120 ಮೀಟರ್ ಎತ್ತರದವರೆಗೆ ಹಾರಾಟಕ್ಕೆ ಮುಂಗಡ ಅನುಮತಿ ಬೇಡ. ವಿಮಾನ ನಿಲ್ದಾಣದ ಆವರಣದ ಅಂಚಿನಿಂದ 8ರಿಂದ 12 ಕಿ.ಮೀ. ದೂರದಲ್ಲಿದ್ದರೆ ಈ ಮಿತಿ 200 ಅಡಿಗೆ, ಅಂದರೆ 60 ಮೀಟರಿಗೆ ಇಳಿಯುತ್ತದೆ. ಅದರ ಮೇಲಕ್ಕೆ ಹೋದರೆ ನೀವು ನಿಂತ ಜಾಗ ಬದಲಾಗದಿದ್ದರೂ ಡ್ರೋನ್ ಹಳದಿ ವಲಯಕ್ಕೆ ಹೊಕ್ಕಂತೆ. ಅಲ್ಲಿ ಆ ಭಾಗದ ವಾಯು ಸಂಚಾರ ನಿಯಂತ್ರಣ ಅಧಿಕಾರಿಗಳ ಅನುಮತಿ ಬೇಕು. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವಂತೆಯೇ ಇಲ್ಲ.

ಇಷ್ಟು ಬಿಗಿ ಯಾಕೆ? ಇಳಿಯುವ ವಿಮಾನ ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ; ರನ್‌ವೇ ಕಡೆಗೆ ಒಂದು ಕಿ.ಮೀ. ಸಾಗುವಷ್ಟರಲ್ಲಿ ಸುಮಾರು 52 ಮೀಟರ್ ಕೆಳಗಿಳಿದಿರುತ್ತದೆ. ರನ್‌ವೇ ಇನ್ನೂ 5 ಕಿ.ಮೀ. ಇರುವಾಗ ಅದು ನೆಲದಿಂದ ಬರೀ 260 ಮೀಟರ್ ಮೇಲಿರುತ್ತದೆ. ಹೆಲಿಕಾಪ್ಟರ್‌ಗಳು ಇನ್ನೂ ತಗ್ಗಿನಲ್ಲಿ ಹಾರಬಹುದು. ಆ ವೇಗದಲ್ಲಿ ಬರುವ ಪೈಲಟ್‌ಗೆ ಅಂಗೈಯಗಲದ ಡ್ರೋನ್ ಕಂಡರೂ ತಪ್ಪಿಸಿಕೊಳ್ಳಲು ಸಮಯ ಇರುವುದಿಲ್ಲ.

ಎತ್ತರದ ಲೆಕ್ಕ ತಪ್ಪುವುದು ಇಲ್ಲೇ

ರಿಮೋಟಿನ ಪರದೆಯಲ್ಲಿ ಕಾಣುವ ಎತ್ತರ ಸಾಮಾನ್ಯವಾಗಿ ಡ್ರೋನ್ ಮೇಲೆದ್ದ ಜಾಗದಿಂದ ಅಳೆದದ್ದು. ನಿಯಮ ಕೇಳುವುದು ಡ್ರೋನ್‌ನ ಕೆಳಗಿರುವ ನೆಲದಿಂದ ಎಷ್ಟು ಎತ್ತರ ಎಂದು. ಬಯಲಿನಲ್ಲಿ ಎರಡೂ ಒಂದೇ. ಮಲೆನಾಡಿನಲ್ಲಿ ಹಾಗಲ್ಲ. ಗುಡ್ಡದ ತುದಿಯಿಂದ 100 ಮೀಟರ್ ಏರಿಸಿ, ಅಷ್ಟೇ ಮಟ್ಟದಲ್ಲಿ ಕಣಿವೆಯ ಕಡೆಗೆ ಬಿಟ್ಟಿರಿ ಎನ್ನೋಣ. ಕಣಿವೆ 200 ಮೀಟರ್ ಆಳವಿದ್ದರೆ ಪರದೆ 100 ಎಂದೇ ತೋರಿಸುತ್ತಿರುತ್ತದೆ. ಡ್ರೋನ್ ಮಾತ್ರ ನೆಲದಿಂದ 300 ಮೀಟರ್ ಮೇಲಿರುತ್ತದೆ. ಘಟ್ಟದ ಅಂಚಿನಲ್ಲಿ ಚಿತ್ರ ತೆಗೆಯುವವರು ಇಳಿಜಾರಿಗೆ ತಕ್ಕಂತೆ ಡ್ರೋನನ್ನೂ ಇಳಿಸುತ್ತ ಹೋಗಬೇಕು.

ಇನ್ನು ತೂಕದ ಮಾತು. 250 ಗ್ರಾಂ ಒಳಗಿನವು ನ್ಯಾನೊ, ಅಲ್ಲಿಂದ 2 ಕಿಲೊವರೆಗೆ ಮೈಕ್ರೊ, 25 ಕಿಲೊವರೆಗೆ ಸ್ಮಾಲ್. ಲೆಕ್ಕಕ್ಕೆ ಬರುವುದು ಹೊತ್ತ ಸರಕೂ ಸೇರಿದ ತೂಕ. ಹಾಗಾಗಿ ಔಷಧಿ ಸಿಂಪಡಿಸುವ ಡ್ರೋನನ್ನು ಟ್ಯಾಂಕ್ ತುಂಬಿದ ಸ್ಥಿತಿಯಲ್ಲಿ ತೂಗಬೇಕು. ನ್ಯಾನೊ ಹಾರಿಸಲು, ವಾಣಿಜ್ಯ ಉದ್ದೇಶವಿಲ್ಲದೆ ಮೈಕ್ರೊ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಹಣ ಪಡೆದು ಮದುವೆಗೆ ಮೈಕ್ರೊ ಡ್ರೋನ್ ಒಯ್ಯುವ ಛಾಯಾಗ್ರಾಹಕರಿಗೆ ಬೇಕು. ಅದನ್ನು ಮಾನ್ಯತೆ ಪಡೆದ ತರಬೇತಿ ಸಂಸ್ಥೆಯಲ್ಲಿ ಕಲಿತು ಪಡೆಯಬೇಕು. ಹತ್ತನೇ ತರಗತಿ ಪಾಸಾಗಿರಬೇಕು, ವಯಸ್ಸು 18ರಿಂದ 65ರೊಳಗಿರಬೇಕು. ‘ನನ್ನದು ಪುಟ್ಟ ಡ್ರೋನ್, ಎಲ್ಲಿ ಬೇಕಾದರೂ ಬಿಡಬಹುದು’ ಎಂಬ ನಂಬಿಕೆ ಮಾತ್ರ ಅಪಾಯಕಾರಿ. ನ್ಯಾನೊಗೆ ಪ್ರಮಾಣಪತ್ರದ ವಿನಾಯಿತಿ ಇದೆಯೇ ಹೊರತು ಕೆಂಪು, ಹಳದಿ ವಲಯಗಳಿಂದ ವಿನಾಯಿತಿ ಇಲ್ಲ.

ಹೊರಡುವ ದಿನ ಮತ್ತೊಮ್ಮೆ

ಹಿಂದಿನ ವಾರ ಹಸಿರಿದ್ದ ಜಾಗ ಇವತ್ತೂ ಹಸಿರೇ ಇರಬೇಕೆಂದಿಲ್ಲ. ಪೊಲೀಸ್ ವರಿಷ್ಠಾಧಿಕಾರಿ ಅಥವಾ ಅದಕ್ಕೆ ಮೇಲ್ಪಟ್ಟ ದರ್ಜೆಯ ಅಧಿಕಾರಿಯ ಮೂಲಕ ಒಂದು ಪ್ರದೇಶವನ್ನು ಗರಿಷ್ಠ 96 ಗಂಟೆ ತಾತ್ಕಾಲಿಕ ಕೆಂಪು ವಲಯವೆಂದು ಘೋಷಿಸಲು ಅವಕಾಶವಿದೆ. ಹಾರಾಟಕ್ಕೆ ಮುನ್ನ ನಿರ್ಬಂಧಗಳನ್ನು ನೋಡಿಕೊಳ್ಳುವುದು ಹಾರಿಸುವವರ ಕಡ್ಡಾಯ ಹೊಣೆ. ಗಣ್ಯರ ಭೇಟಿ, ದೊಡ್ಡ ಜಾತ್ರೆ ಇದ್ದರೆ ಸ್ಥಳೀಯ ಠಾಣೆಯಲ್ಲೂ ಒಂದು ಮಾತು ಕೇಳುವುದು ಒಳ್ಳೆಯದು.

ಹಾರಾಟದ ನಡುವೆ ಹೆಲಿಕಾಪ್ಟರ್ ಸದ್ದು ಕೇಳಿದರೆ ಶಾಟ್ ಮುಗಿಯಲಿ ಎಂದು ಕಾಯಬೇಡಿ, ಕೂಡಲೇ ಇಳಿಸಿ. ಜನರಿರುವ ವಿಮಾನಕ್ಕೆ ದಾರಿ ಬಿಡಬೇಕೆಂದು ನಿಯಮವೇ ಹೇಳುತ್ತದೆ. ಅಷ್ಟಾದರೂ ಅಪಘಾತ ನಡೆದುಹೋದರೆ 48 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ವರದಿ ಸಲ್ಲಿಸಬೇಕು. ಮುರಿದ ರೆಕ್ಕೆ, ಮೆಮೊರಿ ಕಾರ್ಡ್ ಯಾವುದನ್ನೂ ಎಸೆಯದೆ ಎತ್ತಿಡಿ.