ಹೋಟೆಲಿನ ಊಟ ಮತ್ತು ದುಡಿಯುವವನ ಆರೋಗ್ಯ

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬ ಗಾದೆಯನ್ನು ಅರಿಯದ ಕನ್ನಡಿಗನಿಲ್ಲ. ಈ ಗಾದೆ ಹುಟ್ಟಿದ ಕಾಲದಲ್ಲಿ ಊಟವೆಂದರೆ ಮನೆಯ ಊಟವೇ ಆಗಿತ್ತು. ಯಾತ್ರೆಗೋ ಪರಸ್ಥಳದ ಕಾರ್ಯಕ್ಕೋ ಹೊರಟಾಗ ಮಾತ್ರ ಹೊರಗಿನ ಅನ್ನವನ್ನು ಉಣ್ಣುವ ಪ್ರಸಂಗ ಬರುತ್ತಿತ್ತು. ಇಂದಿನ ನಗರಜೀವನದಲ್ಲಿ ಪರಿಸ್ಥಿತಿ ಬದಲಾಗಿದೆ. ಉದ್ಯೋಗಕ್ಕಾಗಿ ಊರು ಬಿಟ್ಟು ಬಂದ ಸಹಸ್ರಾರು ಜನರಿಗೆ ಹೋಟೆಲೇ ಅಡಿಗೆಮನೆಯಾಗಿದೆ. ತಿಂಗಳಿಗೊಮ್ಮೆ ಕುಟುಂಬದೊಡನೆ ಹೋಟೆಲಿಗೆ ಹೋಗುವವನಿಗೆ ರುಚಿಯೊಂದೇ ಮುಖ್ಯವಾದರೆ ಅದರಿಂದ ದೊಡ್ಡ ಹಾನಿಯೇನೂ ಆಗದು. ಆದರೆ ದಿನವೂ ಮೂರು ಹೊತ್ತು ಹೊರಗೆ ಉಣ್ಣುವವನು ಹೋಟೆಲನ್ನು ತನ್ನ ಅಡಿಗೆಮನೆಯೆಂದೇ ಭಾವಿಸಿ, ಗೃಹಿಣಿಯೊಬ್ಬಳು ತನ್ನ ಅಡಿಗೆಮನೆಯಲ್ಲಿ ವಹಿಸುವ ಎಚ್ಚರಿಕೆಯನ್ನು ತಾನೂ ವಹಿಸಬೇಕಾಗುತ್ತದೆ. ಈ ವಿಚಾರವನ್ನು ಜೀಡಿಮೆಟ್ಲಾದ ನಿದರ್ಶನದಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಜೀಡಿಮೆಟ್ಲಾದ ಪರಿಸ್ಥಿತಿ

ಹೈದರಾಬಾದಿನ ವಾಯವ್ಯ ಭಾಗದಲ್ಲಿರುವ ಜೀಡಿಮೆಟ್ಲಾ ಇಂದು ಮೇಡ್ಚಲ್-ಮಲ್ಕಾಜ್‌ಗಿರಿ ಜಿಲ್ಲೆಗೆ ಸೇರಿದೆ. ಔಷಧ, ರಸಾಯನ, ಪ್ಲಾಸ್ಟಿಕ್ ಮತ್ತು ಯಂತ್ರಭಾಗಗಳನ್ನು ತಯಾರಿಸುವ ಚಿಕ್ಕ-ದೊಡ್ಡ ಕಾರ್ಖಾನೆಗಳು ಇಲ್ಲಿ ಒತ್ತೊತ್ತಾಗಿ ನೆಲೆಸಿವೆ. ಶಾಪೂರನಗರ, ಚಿಂತಲ್, ಬಾಲಾನಗರ, ಸುಚಿತ್ರಾ ಮುಂತಾದ ನೆರೆಯ ಬಡಾವಣೆಗಳಲ್ಲಿ ಈ ಕಾರ್ಖಾನೆಗಳ ನೌಕರರು ವಾಸಿಸುತ್ತಾರೆ. 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಹೆಚ್.ಎಂ.ಟಿ. ಸಂಸ್ಥೆಯ ಒಂದು ಕಾರ್ಖಾನೆಯೂ ಇದೇ ಭಾಗದಲ್ಲಿ ತಲೆಯೆತ್ತಿತು. 1956ರ ನವೆಂಬರ್ 1ರವರೆಗೆ ಬೀದರ್, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದ ಅಂಗಗಳೇ ಆಗಿದ್ದುದರಿಂದ, ಆ ಭಾಗದ ಕನ್ನಡಿಗರಿಗೆ ಈ ನಗರವು ಪರಕೀಯವಲ್ಲ.

ಕಾರ್ಖಾನೆಯ ನೌಕರರಿಗೆ ಭೋಜನಶಾಲೆಯ ಸೌಕರ್ಯವು ಎಲ್ಲೆಡೆಯೂ ದೊರೆಯುವುದಿಲ್ಲ. 1948ರ ಕಾರ್ಖಾನೆ ಕಾಯಿದೆಯು 250ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳಿಗೆ ಭೋಜನಶಾಲೆಯನ್ನು ವಿಧಿಸಿತ್ತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯು ಈ ಸಂಖ್ಯೆಯನ್ನು 100ಕ್ಕೆ ಇಳಿಸಿದೆ. ಆದರೂ ಇಪ್ಪತ್ತು-ಮೂವತ್ತು ಜನರಿಂದ ನಡೆಯುವ ಸಣ್ಣ ಘಟಕಗಳು ಈ ಮಿತಿಯೊಳಕ್ಕೆ ಬರುವುದಿಲ್ಲ. ಅಲ್ಲಿನ ನೌಕರನು ಬುತ್ತಿ ತರಬೇಕು, ಇಲ್ಲವೆ ರಸ್ತೆಯ ಬದಿಗೆ ಬರಬೇಕು.

ರಸ್ತೆಯ ಬದಿಯಲ್ಲಿ ಅನೇಕ ಬಗೆಯ ತಾಣಗಳಿವೆ. ಇಡ್ಲಿ-ದೋಸೆಯ ಬಂಡಿಗಳು, ಆಂಧ್ರಶೈಲಿಯ ಊಟದ ಮೆಸ್ಸುಗಳು, ಬಿರಿಯಾನಿಯ ಹೋಟೆಲುಗಳು, ಇರಾನಿ ಚಹಾದ ಅಂಗಡಿಗಳು, ಸಂಜೆಯ ಮೆಣಸಿನಕಾಯಿ ಬಜ್ಜಿಯ ಗಾಡಿಗಳು ಇವುಗಳಲ್ಲಿ ಪ್ರಮುಖವಾದವು. ‘ಕರ್ರಿ ಪಾಯಿಂಟ್’ ಎಂಬುದು ಹೈದರಾಬಾದಿನ ಒಂದು ವಿಶೇಷ. ಅನ್ನವನ್ನು ಮನೆಯಲ್ಲೇ ಮಾಡಿಕೊಂಡು, ಪಪ್ಪು, ಪಲ್ಯ, ಸಾಂಬಾರುಗಳನ್ನು ಮಾತ್ರ ಇಲ್ಲಿಂದ ಕೊಂಡೊಯ್ಯುವ ಪದ್ಧತಿಯು ಒಂಟಿಯಾಗಿ ವಾಸಿಸುವವರಿಗೆ ತುಂಬ ಅನುಕೂಲಕರವಾಗಿದೆ. ಅಲ್ಲಲ್ಲಿ ಸಂಜೆಯ ವೇಳೆ ಬಿಸಿಯಾಗಿ ತಟ್ಟಿಕೊಡುವ ‘ಜೊನ್ನ ರೊಟ್ಟೆ’ಯು ಕಲಬುರಗಿ, ಬೀದರ್ ಕಡೆಯವರಿಗೆ ತಮ್ಮ ಊರಿನ ಜೋಳದ ರೊಟ್ಟಿಯೇ ಆಗಿದೆ.

ಹೋಟೆಲು ಹಗೆಯಲ್ಲ

ಹೋಟೆಲೆಂದರೆ ಅನಾರೋಗ್ಯದ ಮೂಲವೆಂದು ತೀರ್ಮಾನಿಸುವುದು ನ್ಯಾಯವಲ್ಲ. ಉಡುಪಿಯ ಹೋಟೆಲಿಗರು ದೇಶದ ನಾನಾ ನಗರಗಳಲ್ಲಿ ಹೆಸರು ಗಳಿಸಿದ್ದು ಶುಚಿ ಮತ್ತು ಮಿತವಾದ ಬೆಲೆಯ ಬಲದಿಂದ. 1924ರಲ್ಲಿ ಆರಂಭವಾದ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್‌ನಲ್ಲಿ ಎರಡನೆಯ ಮಹಾಯುದ್ಧದ ಅಕ್ಕಿಯ ಅಭಾವದ ನಡುವೆ ರವೆ ಇಡ್ಲಿಯು ರೂಪುಗೊಂಡಿತೆಂಬುದು ಪ್ರಸಿದ್ಧವಾಗಿದೆ. ಹೈದರಾಬಾದಿನ ಅಬಿಡ್ಸ್‌ನಲ್ಲಿ 1948ರಲ್ಲಿ ಆರಂಭವಾದ ತಾಜ್‌ಮಹಲ್ ಹೋಟೆಲು ಸಸ್ಯಾಹಾರಿ ಉಪಾಹಾರವನ್ನು ಈ ನಗರದಲ್ಲಿ ಜನಪ್ರಿಯಗೊಳಿಸಿತು. ಹೈದರಾಬಾದ್ ನಗರಪಾಲಿಕೆಯು 2014ರಲ್ಲಿ 5 ರೂಪಾಯಿಯ ಊಟದ ಯೋಜನೆಯನ್ನು ಆರಂಭಿಸಿತು. 2025ರಲ್ಲಿ ಆ ಕೇಂದ್ರಗಳಿಗೆ ಇಂದಿರಮ್ಮ ಕ್ಯಾಂಟೀನ್ ಎಂಬ ಹೆಸರಾಗಿ, ಬೆಳಗಿನ ಉಪಾಹಾರವೂ ಅದೇ ದರದಲ್ಲಿ ಸೇರಿಕೊಂಡಿತು. ಕರ್ನಾಟಕದಲ್ಲಿ 2017ರಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನಿನ ಉದ್ದೇಶವೂ ಇದೇ ಆಗಿತ್ತು. ಆದುದರಿಂದ ಹೋಟೆಲನ್ನು ತೊರೆಯುವುದು ಪರಿಹಾರವಲ್ಲ. ಆರಿಸುವುದನ್ನು ಕಲಿಯುವುದೇ ಪರಿಹಾರ.

ದಿನದ ಅಲ್ಪ, ವರ್ಷದ ಅಧಿಕ

ನಿತ್ಯ ಹೊರಗೆ ಉಣ್ಣುವವನು ತಿಂಗಳಿಗೆ ಸುಮಾರು ತೊಂಬತ್ತು ಹೊತ್ತು ಹೋಟೆಲಿನ ಆಹಾರವನ್ನು ಸೇವಿಸುತ್ತಾನೆ. ಆದುದರಿಂದ ಒಂದು ಹೊತ್ತಿನ ಸಣ್ಣ ಹೆಚ್ಚಳವೂ ಕೂಡುತ್ತ ಹೋಗಿ ದೊಡ್ಡ ಮೊತ್ತವಾಗುತ್ತದೆ. ಇದಕ್ಕೆ ಚಹಾದ ಲೆಕ್ಕವೊಂದೇ ಸಾಕು. ಒಬ್ಬ ನೌಕರನು ದಿನಕ್ಕೆ ನಾಲ್ಕು ಬಾರಿ ಚಹಾ ಕುಡಿಯುತ್ತಾನೆಂದೂ, ಪ್ರತಿ ಬಾರಿಗೆ 5 ಗ್ರಾಂ ತೂಗುವ ಎರಡು ಚಮಚ ಸಕ್ಕರೆ ಬೀಳುತ್ತದೆಂದೂ ಭಾವಿಸೋಣ. ದಿನಕ್ಕೆ 40 ಗ್ರಾಂ, ತಿಂಗಳಿಗೆ 1,200 ಗ್ರಾಂ, ವರ್ಷಕ್ಕೆ 14.6 ಕಿಲೋಗ್ರಾಂ ಸಕ್ಕರೆಯು ಚಹಾದ ಮೂಲಕವೇ ದೇಹವನ್ನು ಸೇರುತ್ತದೆ. ಸೇರಿಸಿದ ಸಕ್ಕರೆಯು ದಿನಕ್ಕೆ ಸುಮಾರು 25 ಗ್ರಾಂ ಮೀರಬಾರದೆಂದು ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ 2024ರ ಮಾರ್ಗಸೂಚಿಯು ತಿಳಿಸುತ್ತದೆ. ಪ್ರತಿ ಲೋಟಕ್ಕೆ ಒಂದು ಚಮಚವನ್ನು ಕಡಿಮೆ ಮಾಡಿದರೆ ವರ್ಷಕ್ಕೆ 7.3 ಕಿಲೋಗ್ರಾಂ ಸಕ್ಕರೆ ಉಳಿಯುತ್ತದೆ. ಇದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ.

ಮೇಲೆ ಹೇಳಿದ ಸಂಸ್ಥೆಯು ಹೈದರಾಬಾದಿನ ತಾರ್ನಾಕಾದಲ್ಲಿಯೇ ಇದೆಯೆಂಬುದು ಗಮನಾರ್ಹ. 1918ರಲ್ಲಿ ಕೂನೂರಿನಲ್ಲಿ ಸರ್ ರಾಬರ್ಟ್ ಮ್ಯಾಕ್‌ಕ್ಯಾರಿಸನ್ ಅವರಿಂದ ಆರಂಭವಾದ ಅದು 1958ರಲ್ಲಿ ಈ ನಗರಕ್ಕೆ ಬಂದಿತು. ಉಪ್ಪು ದಿನಕ್ಕೆ 5 ಗ್ರಾಂ, ಎಂದರೆ ಮಟ್ಟವಾದ ಒಂದು ಚಹಾಚಮಚ, ಮೀರಬಾರದೆಂಬುದು ಅದರ ಇನ್ನೊಂದು ಸಲಹೆ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ಮತ್ತು ಎರಡೆರಡು ಬಾರಿ ಹಾಕಿಸಿಕೊಳ್ಳುವ ಸಾಂಬಾರು ಇವೆಲ್ಲ ಕೂಡಿದಾಗ ಈ ಮಿತಿಯು ಒಂದೇ ಊಟದಲ್ಲಿ ಬಹುಪಾಲು ಮುಗಿದುಹೋಗುತ್ತದೆ. ಅಧಿಕ ಉಪ್ಪು ರಕ್ತದೊತ್ತಡವನ್ನು ಹೆಚ್ಚಿಸುತ್ತದೆ. ರಕ್ತದೊತ್ತಡವು ಬಹುಕಾಲ ಯಾವ ಲಕ್ಷಣವನ್ನೂ ತೋರಿಸದು.

ಇವೆಲ್ಲ ಏಕೆ ಮುಖ್ಯವೆಂಬುದಕ್ಕೆ ಒಂದು ಅಂಕಿಯನ್ನು ಗಮನಿಸಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ನೆರವಿನ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಅದರಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಿಹಿಮೂತ್ರ ರೋಗವಿದೆ. ದಿನಗೂಲಿಯಿಂದ ಜೀವಿಸುವವನಿಗೆ ಈ ರೋಗ ಬಂದರೆ ಆರೋಗ್ಯದೊಡನೆ ಸಂಪಾದನೆಯೂ ಕುಗ್ಗುತ್ತದೆ. ಊರಿಗೆ ಕಳುಹಿಸಬೇಕಾದ ಹಣವು ಔಷಧದ ಅಂಗಡಿಯ ಪಾಲಾಗುತ್ತದೆ.

ಎಣ್ಣೆಯ ವಿಚಾರ

ಒಂದು ಗ್ರಾಂ ಹಿಟ್ಟಿನ ಪದಾರ್ಥವು 4 ಕ್ಯಾಲೊರಿಗಳನ್ನು ನೀಡಿದರೆ, ಒಂದು ಗ್ರಾಂ ಎಣ್ಣೆಯು 9 ಕ್ಯಾಲೊರಿಗಳನ್ನು ನೀಡುತ್ತದೆ. ಎಣ್ಣೆಯ ಪ್ರಮಾಣದಂತೆಯೇ ಅದರ ಸ್ಥಿತಿಯೂ ಮುಖ್ಯ. ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಅದರಲ್ಲಿ ಹಾನಿಕರ ಸಂಯುಕ್ತಗಳು ಹೆಚ್ಚುತ್ತವೆ. ಇವುಗಳಲ್ಲಿ ‘ಧ್ರುವೀಯ ಸಂಯುಕ್ತ’ಗಳೆಂಬವು ಶೇಕಡ 25ನ್ನು ಮೀರಿದ ಎಣ್ಣೆಯನ್ನು ಬಳಸಬಾರದೆಂಬ ನಿಯಮವು 2018ರ ಜುಲೈ 1ರಿಂದ ಜಾರಿಯಲ್ಲಿದೆ. ಗ್ರಾಹಕನ ಬಳಿ ಪರೀಕ್ಷೆಯ ಉಪಕರಣವಿಲ್ಲವಾದರೂ ಕಣ್ಣು-ಮೂಗುಗಳಿವೆ. ಎಣ್ಣೆಯು ಕಪ್ಪಾಗಿ, ಮಂದವಾಗಿ, ನೊರೆಯೆದ್ದು, ಕಮಟುವಾಸನೆ ಬೀರುತ್ತಿದ್ದರೆ ಆ ಬಾಣಲೆಯ ಬಜ್ಜಿಯನ್ನು ಬಿಡುವುದೇ ಲೇಸು. ಬಿಸಿ ಬಜ್ಜಿಯನ್ನು ವೃತ್ತಪತ್ರಿಕೆಯಲ್ಲಿ ಸುತ್ತಿಸಿಕೊಳ್ಳುವುದೂ ಸಲ್ಲದು. ಮುದ್ರಣದ ಮಸಿಯು ಎಣ್ಣೆಯಲ್ಲಿ ಕರಗಿ ಆಹಾರವನ್ನು ಸೇರುತ್ತದೆ.

ಸೋಂಕು ಬರುವ ಬಗೆ

ಮೇಲಿನವು ನಿಧಾನವಾಗಿ ಕಾಡುವ ತೊಂದರೆಗಳು. ಕೆಲವೇ ಗಂಟೆಗಳಲ್ಲಿ ಕಾಡುವುದು ಸೋಂಕು. 5 ಮತ್ತು 60 ಡಿಗ್ರಿ ಸೆಲ್ಸಿಯಸ್‌ಗಳ ನಡುವಿನ ಉಷ್ಣತೆಯಲ್ಲಿ ಸೂಕ್ಷ್ಮಜೀವಿಗಳು ಶೀಘ್ರವಾಗಿ ವೃದ್ಧಿಯಾಗುತ್ತವೆ. ಬೇಯಿಸಿದ ಆಹಾರವನ್ನು ಕೋಣೆಯ ಉಷ್ಣತೆಯಲ್ಲಿ ಎರಡು ಗಂಟೆಗಳಿಗಿಂತ ಹೆಚ್ಚು ಇಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುವುದು ಇದೇ ಕಾರಣದಿಂದ. ಬೆಳಗ್ಗೆ ಮಾಡಿದ ಅನ್ನವನ್ನು ಮಧ್ಯಾಹ್ನದವರೆಗೆ ಉಗುರುಬೆಚ್ಚಗೆ ಇಟ್ಟರೆ ‘ಬ್ಯಾಸಿಲಸ್ ಸೀರಿಯಸ್’ ಎಂಬ ಸೂಕ್ಷ್ಮಜೀವಿಯು ವಿಷವನ್ನುಂಟುಮಾಡಬಲ್ಲದು. ವಾಂತಿಯನ್ನು ತರುವ ಆ ವಿಷವು ಮತ್ತೆ ಬಿಸಿಮಾಡಿದರೂ ನಾಶವಾಗದು. ಆದ್ದರಿಂದ ‘ಬಿಸಿಮಾಡಿ ಕೊಟ್ಟರು’ ಎಂಬುದರಿಂದ ಆಹಾರವು ಸುರಕ್ಷಿತವೆಂದು ತಿಳಿಯಬಾರದು. ಹಬೆಯಾಡುತ್ತಿರುವ, ಆಗತಾನೆ ಮಾಡಿದ ಆಹಾರವೇ ಶ್ರೇಷ್ಠ.

ಹಸಿಯಾಗಿ ಬಡಿಸುವ ಪದಾರ್ಥಗಳಲ್ಲಿಯೂ ಎಚ್ಚರಿಕೆ ಬೇಕು. ನೀರು ಬೆರೆಸಿದ ಚಟ್ನಿ, ಹೆಚ್ಚಿಟ್ಟ ಈರುಳ್ಳಿ, ಮಂಜುಗಡ್ಡೆ ಹಾಕಿದ ಪಾನೀಯ ಇವುಗಳು ನೀರಿನಷ್ಟೇ ಶುದ್ಧ. 2024ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ಮೊಮೊ ತಿಂದ ಹಲವರು ಅಸ್ವಸ್ಥರಾಗಿ ಮಹಿಳೆಯೊಬ್ಬರು ಮೃತಪಟ್ಟ ನಂತರ, ಹಸಿ ಮೊಟ್ಟೆಯ ಮೇಯೊನೀಸನ್ನು ತೆಲಂಗಾಣ ಸರ್ಕಾರವು ಒಂದು ವರ್ಷದ ಮಟ್ಟಿಗೆ ನಿಷೇಧಿಸಿತು. ಕರ್ನಾಟಕ ಸರ್ಕಾರವು 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಅತಿಯಾದ ಕೆಂಪುಬಣ್ಣವನ್ನು ರುಚಿಯ ಗುರುತೆಂದು ತಿಳಿಯಬಾರದು.

ಕಾರ್ಖಾನೆಯಿಂದ ನೇರವಾಗಿ ಊಟಕ್ಕೆ ಬರುವವರು ಇನ್ನೊಂದು ವಿಷಯವನ್ನು ಮರೆಯಬಾರದು. ರಸಾಯನ, ಬಣ್ಣ, ಲೋಹದ ಧೂಳು ಇವು ಕೈಗಳಿಂದಲೂ ಉಡುಪಿನಿಂದಲೂ ತುತ್ತಿನೊಡನೆ ಹೊಟ್ಟೆಯನ್ನು ಸೇರಬಲ್ಲವು. ಕೆಲಸದ ಮೇಲುಡುಪನ್ನು ಕಳಚಿಟ್ಟು, ಸಾಬೂನಿನಿಂದ ಕೈ ತೊಳೆದು ಬರುವುದು ಅತ್ಯಾವಶ್ಯಕ. ಹೋಟೆಲಿನ ಕೈತೊಳೆಯುವ ತೊಟ್ಟಿಯಲ್ಲಿ ಸಾಬೂನಿರದಿದ್ದರೆ ಕೇಳಿ ಪಡೆಯಲು ಸಂಕೋಚಪಡಬೇಕಾಗಿಲ್ಲ.

ಏನನ್ನು ಆರಿಸಬೇಕು?

1. ಬೆಳಗಿನ ಉಪಾಹಾರಕ್ಕೆ ಇಡ್ಲಿಯು ಉತ್ತಮ. ಅದು ಹಬೆಯಲ್ಲಿ ಬೆಂದದ್ದು, ಎಣ್ಣೆಯಿಲ್ಲದ್ದು. ಹೆಸರುಕಾಳಿನ ಪೆಸರಟ್ಟು ಸಸಾರಜನಕಕ್ಕೆ ಒಳ್ಳೆಯ ಮೂಲ; ಒಳಗೆ ಉಪ್ಪಿಟ್ಟು ತುಂಬಿಸಿದಾಗ ಅದು ಭಾರವಾಗುತ್ತದೆ. ಪೂರಿ, ವಡೆಗಳು ವಾರಕ್ಕೊಮ್ಮೆ ಸಾಕು.

2. ಮಧ್ಯಾಹ್ನದ ಊಟದಲ್ಲಿ ಅನ್ನವನ್ನು ಮತ್ತೆ ಹಾಕಿಸಿಕೊಳ್ಳುವ ಬದಲು ಪಪ್ಪು ಮತ್ತು ಪಲ್ಯವನ್ನು ಮತ್ತೆ ಹಾಕಿಸಿಕೊಳ್ಳಬೇಕು. ಗೋಂಗೂರ, ಪಾಲಕ ಮೊದಲಾದ ಸೊಪ್ಪಿನ ಪಪ್ಪು ಈ ಪ್ರಾಂತದ ಉತ್ತಮ ವಾಡಿಕೆ. ಕಡಿಮೆ ಬೆಲೆಯ ಊಟದೊಡನೆ ಒಂದು ಬೇಯಿಸಿದ ಮೊಟ್ಟೆ ಅಥವಾ ಒಂದು ಬಟ್ಟಲು ಮೊಸರು, ಒಂದು ಬಾಳೆಯಹಣ್ಣು ಸೇರಿಸಿದರೆ ಅದು ಪೂರ್ಣಾಹಾರಕ್ಕೆ ಹತ್ತಿರವಾಗುತ್ತದೆ.

3. ರಾತ್ರಿ ಜೋಳದ ರೊಟ್ಟಿ ದೊರೆತರೆ ಮೈದಾದ ಪರೋಟಕ್ಕಿಂತ ಅದನ್ನೇ ಆರಿಸಬೇಕು. ಇಡೀ ಧಾನ್ಯದ ನಾರು ಹಸಿವನ್ನು ಬಹುಹೊತ್ತು ತಡೆಯುತ್ತದೆ.

4. ಬಿರಿಯಾನಿಯನ್ನು ನಿಷೇಧಿಸಬೇಕಾಗಿಲ್ಲ. ಒಂದು ದೊಡ್ಡ ತಟ್ಟೆಯನ್ನು ಇಬ್ಬರು ಹಂಚಿಕೊಂಡು, ಜೊತೆಗೆ ಮೊಸರನ್ನು ಸೇವಿಸುವುದು ಒಳಿತು.

5. ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ಚಹಾ, ಕಾಫಿಗಳನ್ನು ತ್ಯಜಿಸಬೇಕು. ಅವುಗಳಲ್ಲಿರುವ ಟ್ಯಾನಿನ್ ಆಹಾರದ ಕಬ್ಬಿಣಾಂಶವು ದೇಹಕ್ಕೆ ದಕ್ಕದಂತೆ ತಡೆಯುತ್ತದೆ. ಇರಾನಿ ಚಹಾ ಮತ್ತು ಉಸ್ಮಾನಿಯಾ ಬಿಸ್ಕತ್ತು ಆನಂದದಾಯಕವೇ ಸರಿ. ಆದರೆ ಅವು ಊಟಕ್ಕೆ ಬದಲಿಯಲ್ಲ.

ಎಲ್ಲಿ ಉಣ್ಣಬೇಕು?

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯು 2006ರಲ್ಲಿ ಅಂಗೀಕೃತವಾಗಿ 2011ರಲ್ಲಿ ಜಾರಿಗೆ ಬಂದಿತು. ಇದರನ್ವಯ ಪ್ರತಿ ಆಹಾರೋದ್ಯಮಕ್ಕೂ 14 ಅಂಕಿಗಳ ಪರವಾನಗಿ ಅಥವಾ ನೋಂದಣಿಯ ಸಂಖ್ಯೆಯಿರಬೇಕು. 2022ರ ಜನವರಿಯಿಂದ ಈ ಸಂಖ್ಯೆಯನ್ನು ಬಿಲ್ಲಿನ ಮೇಲೂ ನಮೂದಿಸುವುದು ಕಡ್ಡಾಯವಾಗಿದೆ. ಬಿಲ್ಲನ್ನು ಕೇಳಿ ಪಡೆಯುವುದು ಒಳ್ಳೆಯ ಅಭ್ಯಾಸ. ಆಹಾರದಿಂದ ತೊಂದರೆಯಾದಾಗ ದೂರಿಗೆ ಅದೇ ಆಧಾರ. ಇದಲ್ಲದೆ, ಅಡಿಗೆಯವನ ಉಗುರು, ಕೈಗಾಯಗಳು, ತಟ್ಟೆ ತೊಳೆಯುವ ನೀರು, ಮೇಜು ಒರೆಸುವ ಬಟ್ಟೆ, ಆಹಾರದ ಮೇಲಿನ ಮುಚ್ಚಳ ಇವುಗಳನ್ನು ಗಮನಿಸಿದರೆ ಬಹುಪಾಲು ವಿಷಯ ತಿಳಿಯುತ್ತದೆ. ಗಿರಾಕಿಗಳು ಹೆಚ್ಚಿರುವ ಸಣ್ಣ ಬಂಡಿಯ ತಾಜಾ ಇಡ್ಲಿಯು, ಗಿರಾಕಿಗಳಿಲ್ಲದ ದೊಡ್ಡ ಹೋಟೆಲಿನ ಹಳಸಿದ ಸಾಂಬಾರಿಗಿಂತ ಮೇಲು. ಕರ್ರಿ ಪಾಯಿಂಟಿಗೆ ಹೋಗುವವರು ಉಕ್ಕಿನ ಡಬ್ಬಿಯನ್ನು ಕೊಂಡೊಯ್ದರೆ ಬಿಸಿ ಸಾಂಬಾರನ್ನು ಪ್ಲಾಸ್ಟಿಕ್ ಚೀಲದಲ್ಲಿ ತರುವುದು ತಪ್ಪುತ್ತದೆ. ಕುಡಿಯುವ ನೀರನ್ನು ಮನೆಯಿಂದ ಒಯ್ಯುವುದು ಎಲ್ಲಕ್ಕಿಂತ ಸುಲಭವಾದ ರಕ್ಷಣೆ.

ಅಸ್ವಸ್ಥತೆ ಉಂಟಾದಾಗ

ವಾಂತಿ-ಭೇದಿಯಾದಾಗ ಉಪವಾಸವಿದ್ದು ಕೆಲಸಕ್ಕೆ ಹೋಗುವುದು ಅಪಾಯಕರ. ಔಷಧದ ಅಂಗಡಿಯಲ್ಲಿ ದೊರೆಯುವ ಓ.ಆರ್.ಎಸ್. ಪುಡಿಯನ್ನು ಸೂಚಿಸಿದಷ್ಟು ನೀರಿನಲ್ಲಿ ಬೆರೆಸಿ ಸ್ವಲ್ಪಸ್ವಲ್ಪವಾಗಿ ಕುಡಿಯಬೇಕು. ಅದು ದೊರೆಯದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟವಾದ ಆರು ಚಹಾಚಮಚ ಸಕ್ಕರೆ ಮತ್ತು ಅರ್ಧ ಚಹಾಚಮಚ ಉಪ್ಪನ್ನು ಬೆರೆಸಿಕೊಳ್ಳಬಹುದು. ಮಲದಲ್ಲಿ ರಕ್ತ, ತೀವ್ರ ಜ್ವರ, ಮೂತ್ರವು ಕಡಿಮೆಯಾಗುವುದು, ಕುಡಿದ ನೀರೂ ನಿಲ್ಲದಿರುವುದು ಇವುಗಳಲ್ಲಿ ಯಾವುದೊಂದು ಕಂಡರೂ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ನಿತ್ಯ ಹೊರಗೆ ಉಣ್ಣುವವರು, ಮೂವತ್ತು ವರ್ಷ ದಾಟಿದ ಮೇಲೆ, ವರ್ಷಕ್ಕೊಮ್ಮೆ ರಕ್ತದೊತ್ತಡವನ್ನೂ ರಕ್ತದ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳುವುದು ಉಚಿತ.

ಉಪಸಂಹಾರ

ಊರಿನಿಂದ ಹೊಸದಾಗಿ ಬಂದ ತರುಣನಿಗೆ ಬಾಡಿಗೆಯ ಕೋಣೆ ಎಲ್ಲಿ ಸಿಗುತ್ತದೆಂದು ಹಿರಿಯರು ತಿಳಿಸುತ್ತಾರೆ. ಶುಚಿಯಾದ ಮೆಸ್ಸು ಯಾವುದು, ಬಿಸಿ ರೊಟ್ಟಿ ಎಲ್ಲಿ ದೊರೆಯುತ್ತದೆ ಎಂಬುದನ್ನೂ ಅದರೊಡನೆ ತಿಳಿಸಿದರೆ ಅದು ಆತನಿಗೂ ಊರಿನಲ್ಲಿರುವ ಆತನ ತಾಯಿ-ತಂದೆಗೂ ಮಾಡಿದ ಉಪಕಾರವಾದೀತು. ನಾಲ್ಕು ಜನ ಗೆಳೆಯರು ಕೂಡಿ ಭಾನುವಾರವಾದರೂ ಕೋಣೆಯಲ್ಲಿ ಅಡಿಗೆ ಮಾಡಿಕೊಂಡರೆ ವಾರದಲ್ಲಿ ಮೂರು ಹೊತ್ತು ಮನೆಯ ಊಟವಾಗುತ್ತದೆ. ಉಳಿದ ಹೊತ್ತುಗಳಲ್ಲಿ ಬಿಸಿಯಾದುದನ್ನು, ಶುಚಿಯಾದುದನ್ನು, ಮಿತವಾಗಿ ಉಣ್ಣುವುದನ್ನು ಅಭ್ಯಾಸ ಮಾಡಿಕೊಂಡವನೇ ಇಂದಿನ ಕಾಲದ ಊಟ ಬಲ್ಲವನು.