ಆರು ಗಂಟೆಯ ಜಾಗ

ಪೈಪ್ ಬೆಸೆಯುವವರು ಪೈಪಿನ ಸುತ್ತಲಿನ ಜಾಗಗಳಿಗೆ ಗಡಿಯಾರದ ಲೆಕ್ಕ ಹೇಳುತ್ತಾರೆ. ನೆತ್ತಿ ಹನ್ನೆರಡು ಗಂಟೆ, ತಳ ಆರು ಗಂಟೆ, ಎರಡು ಮಗ್ಗುಲು ಮೂರು ಮತ್ತು ಒಂಬತ್ತು. 6ಜಿ ಎಂಬ ಬೆಸುಗೆ ಪರೀಕ್ಷೆಯಲ್ಲಿ ಪೈಪನ್ನು 45 ಡಿಗ್ರಿ ಓರೆಯಾಗಿ ಸ್ಟ್ಯಾಂಡಿಗೆ ಬಿಗಿದಿರುತ್ತಾರೆ. ಅದನ್ನು ತಿರುಗಿಸುವ ಹಾಗಿಲ್ಲ, ಬಿಚ್ಚುವ ಹಾಗಿಲ್ಲ. ಬೆಸೆಯುವವನೇ ಅದರ ಸುತ್ತ ಬಾಗಿ, ಕೂತು, ಎದ್ದು ಕೆಲಸ ಮುಗಿಸಬೇಕು. ಇದೊಂದರಲ್ಲಿ ಪಾಸಾದರೆ ಎಎಸ್‌ಎಂಇ ಸಂಹಿತೆಯ ಒಂಬತ್ತನೇ ವಿಭಾಗದ ಪ್ರಕಾರ ಪೈಪು, ಪ್ಲೇಟು ಎರಡರಲ್ಲೂ ಎಲ್ಲ ಪೊಸಿಷನ್ನಿನ ಕೆಲಸಕ್ಕೂ ಅರ್ಹತೆ ಸಿಗುತ್ತದೆ. ಅದಕ್ಕೇ ರಿಫೈನರಿ, ವಿದ್ಯುತ್ ಸ್ಥಾವರ, ಗಲ್ಫ್ ಎಲ್ಲಿಗೆ ಹೋದರೂ ಮೊದಲು ಕೇಳುವುದು 6ಜಿ.

ನಾನು ಹಳೇಬೀಡಿನವನು. ಗೇಟು, ಗ್ರಿಲ್, ಟ್ರ್ಯಾಕ್ಟರ್ ಟ್ರೈಲರು, ಕೊಳವೆಬಾವಿಯ ಕ್ಲಾಂಪು. ನಮ್ಮ ಕಡೆಯ ವೆಲ್ಡಿಂಗ್ ಅಂಗಡಿಗಳಿಗೆ ಬರುವ ಕೆಲಸ ಇವೇ, ಎಲ್ಲವೂ ರಾಡ್ ವೆಲ್ಡಿಂಗ್. ಪಕ್ಕದ ಸಕಲೇಶಪುರದಲ್ಲಿ ಎತ್ತಿನಹೊಳೆ ಯೋಜನೆಯ ಭಾರಿ ಉಕ್ಕಿನ ಪೈಪುಗಳು ಬಂದು ಬಿದ್ದಾಗ ನಮ್ಮಲ್ಲಿ ಅನೇಕ ಹುಡುಗರಿಗೆ ಪೈಪ್ ಕೆಲಸದ ಆಸೆ ಹುಟ್ಟಿತು. ಆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ಸಿಕ್ಕಿತು. ಆದರೆ ನೀರಿನ ದೊಡ್ಡ ಪೈಪಿನ ಕೆಲಸ ಬೇರೆ, ಬಾಯ್ಲರಿನ ಸಣ್ಣ ಟ್ಯೂಬಿನ ಕೆಲಸ ಬೇರೆ. ರಾಯಚೂರಿನ ಶಕ್ತಿನಗರದಲ್ಲೋ ಬಳ್ಳಾರಿಯ ಕುಡತಿನಿಯಲ್ಲೋ ಒಂದು ಬಾಯ್ಲರಿನೊಳಗೆ ಸಾವಿರಾರು ಜಾಯಿಂಟುಗಳಿರುತ್ತವೆ, ಅದರಲ್ಲಿ ಒಂದು ಸೋರಿದರೂ ಇಡೀ ಘಟಕ ನಿಲ್ಲಿಸಬೇಕಾಗಬಹುದು. ಅಂಥ ಜಾಯಿಂಟಿನ ಮೊದಲ ಪದರವನ್ನು, ಅಂದರೆ ರೂಟನ್ನು, ಟಿಗ್‌ನಲ್ಲೇ ಹಾಕುತ್ತಾರೆ. ಊರಲ್ಲಿ ಇದಕ್ಕೆ ಆರ್ಗಾನ್ ವೆಲ್ಡಿಂಗ್ ಎನ್ನುತ್ತಾರೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಫಿಲ್ಲರ್ ತಂತಿ. ರಾಡ್ ಹಿಡಿದ ಕೈಗೆ ಇದು ಪೂರ್ತಿ ಹೊಸ ವಿದ್ಯೆ.

ಅಭ್ಯಾಸಕ್ಕೆ ಮೊದಲು ಬೇಕಾದದ್ದು ಪೈಪು. ನಮ್ಮಲ್ಲಿ ಕೊಳವೆಬಾವಿಯಿಂದ ಎತ್ತಿದ ಹಳೇ ಜಿಐ ಪೈಪಿಗೆ ಬರವಿಲ್ಲ. ಅದನ್ನು ಮುಟ್ಟಬೇಡಿ. ಅದರ ಮೇಲಿನ ಸತುವಿನ ಲೇಪ ಸುಟ್ಟಾಗ ಬರುವ ಬಿಳಿ ಹೊಗೆ ಕುಡಿದರೆ ಆವತ್ತು ರಾತ್ರಿ ಚಳಿಜ್ವರ ಬರುತ್ತದೆ, ಬೆಸುಗೆಯ ತುಂಬ ತೂತು ಬೀಳುತ್ತದೆ. ಗುಜರಿಯಿಂದ ಕಪ್ಪು ಎಂಎಸ್ ಪೈಪಿನ ತುಂಡುಗಳನ್ನು ಆರಿಸಿ ತನ್ನಿ. ಪರೀಕ್ಷೆಗೆ ಸಾಮಾನ್ಯವಾಗಿ ಕೊಡುವುದು ಎರಡಿಂಚಿನ ಪೈಪು: ಹೊರವ್ಯಾಸ 60.3 ಮಿಲಿಮೀಟರ್, ಶೆಡ್ಯೂಲ್ 80 ಆದರೆ ಗೋಡೆಯ ದಪ್ಪ 5.54. ಅದೇ ಅಳತೆಯಲ್ಲಿ ಅಭ್ಯಾಸ ಮಾಡುವುದೇ ಸರಿ. ಸಣ್ಣ ಪೈಪಿನಲ್ಲಿ ಟಾರ್ಚಿನ ಕೋನ ಕ್ಷಣಕ್ಷಣಕ್ಕೂ ಬದಲಾಗಬೇಕು, ಆರಿಂಚಿನ ಪೈಪು ಇದನ್ನು ಕಲಿಸುವುದಿಲ್ಲ.

ನನಗೆ ಈ ವಿದ್ಯೆ ಹೇಳಿಕೊಟ್ಟವರು ಹತ್ತಾರು ಷಟ್‌ಡೌನ್ ಕೆಲಸ ನೋಡಿದ ಹಿರಿಯರು. ಮೊದಲ ದಿನ ಆರ್ಕ್ ಹೊಡೆಯಲು ಬಿಡಲೇ ಇಲ್ಲ. "ಕೈ ಆಮೇಲೆ ಕಣಪ್ಪ, ಮೊದ್ಲು ಮೈ ಎಲ್ಲಿ ಕೂರುತ್ತೆ ನೋಡ್ಕೋ" ಅಂದರು. ಕರೆಂಟ್ ಇಲ್ಲದ ಟಾರ್ಚು ಹಿಡಿದು ಆರರಿಂದ ಮೂರರವರೆಗೆ, ಮೂರರಿಂದ ಹನ್ನೆರಡರವರೆಗೆ, ಮತ್ತೆ ಆರರಿಂದ ಒಂಬತ್ತರ ದಾರಿಯಲ್ಲಿ ಸುತ್ತಿಸಿದರು. ಮೊಣಕೈ ಎಲ್ಲಿ ಊರಬೇಕು, ಕೇಬಲ್ಲಿನ ಭಾರ ಮಣಿಕಟ್ಟಿಗೆ ಬೀಳದಂತೆ ಹೆಗಲ ಮೇಲೆ ಹೇಗೆ ಹಾಕಿಕೊಳ್ಳಬೇಕು, ಕತ್ತು ನೋಯುವ ಮೊದಲು ಎಲ್ಲಿ ನಿಲ್ಲಿಸಬೇಕು, ಇವೆಲ್ಲ ಆರ್ಕ್ ಹೊತ್ತುವುದಕ್ಕೆ ಮುಂಚೆಯೇ ತೀರ್ಮಾನವಾಗಬೇಕು. ನನ್ನ ಬೆಸುಗೆ ಸುಧಾರಿಸಿದ್ದು ಹೊಸ ಮೆಷಿನ್ನಿನಿಂದಲ್ಲ, ಈ ಒಣ ಸುತ್ತಾಟದಿಂದ. ನಲವತ್ತು ದಾಟಿದವರಿಗೆ ಇನ್ನೊಂದು ಮಾತು: ಹೆಲ್ಮೆಟ್ಟಿನೊಳಗೆ ಓದುವ ಕನ್ನಡಕ ಹಾಕಿಕೊಳ್ಳಿ. ಕಣ್ಣಿಗೆ ಕಾಣದ ಗ್ಯಾಪನ್ನು ಯಾವ ಕೈಯೂ ತುಂಬಲಾರದು.

ಎಡಗೈಯ ತಂತಿ ಇನ್ನೊಂದು ಪಾಠ. ಹೆಬ್ಬೆರಳಿನಿಂದ ತಂತಿಯನ್ನು ಒಂದೇ ಸಮನೆ ಮುಂದಕ್ಕೆ ತಳ್ಳುತ್ತಿರಬೇಕು. ನಮ್ಮಮ್ಮ ಮಾತಾಡುತ್ತ, ಕೈ ಕಡೆ ನೋಡದೆ ಮಲ್ಲಿಗೆ ಕಟ್ಟುತ್ತಾರಲ್ಲ, ಬೆರಳಿಗೆ ಅಂಥ ಅಭ್ಯಾಸವಾಗಬೇಕು. ಇದಕ್ಕೆ ಮೆಷಿನ್ ಬೇಡ, ಗ್ಲೌಸ್ ಹಾಕಿಕೊಂಡು ಮನೆಯಲ್ಲಿ ಕೂತೇ ಕಲಿಯಬಹುದು.

ಫಿಟಪ್ಪಿನ, ಅಂದರೆ ಬೆಸೆಯುವ ಮುಂಚಿನ ಜೋಡಣೆಯ, ವಿಷಯದಲ್ಲಿ ಜಿಪುಣತನ ಬೇಡ. ಅಂಚನ್ನು 37.5 ಡಿಗ್ರಿಗೆ ಇಳಿಜಾರು ಮಾಡಿ, ಒಳಗೂ ಹೊರಗೂ ಒಂದಿಂಚಿನವರೆಗೆ ಬಿಳಿ ಲೋಹ ಕಾಣುವ ತನಕ ಉಜ್ಜಿ. ಹೊರಗೆ ಫಳಫಳ ಹೊಳೆಸಿ ಒಳಗಿನ ಕಪ್ಪು ಪದರವನ್ನು ಹಾಗೇ ಬಿಡುವವರು ಬಹಳ, ರೂಟ್ ಕೂರುವುದು ಮಾತ್ರ ಒಳಗೆ. ನಾನು 2.4 ಮಿಲಿಮೀಟರ್ ತಂತಿಗೆ ಅದಕ್ಕಿಂತ ಚೂರು ದೊಡ್ಡ ಗ್ಯಾಪ್ ಇಡುತ್ತೇನೆ. ಒಂದು ಕಡೆ ಬೆಸೆದರೆ ಲೋಹ ಕುಗ್ಗಿ ಎದುರು ಕಡೆಯ ಗ್ಯಾಪ್ ಕೂಡಿಕೊಳ್ಳುತ್ತದೆ, ಹಾಗಾಗಿ ಟ್ಯಾಕ್ ಹಾಕಿದ ಮೇಲೂ ಸುತ್ತ ಅಳೆಯಬೇಕು. ಟ್ಯಾಕಿನ ಎರಡೂ ತುದಿಯನ್ನು ಗ್ರೈಂಡರಿನಿಂದ ತೆಳ್ಳಗೆ ಇಳಿಸಿದರೆ ಬೆಸುಗೆ ಅದರೊಳಗೆ ಕರಗಿ ಸೇರುತ್ತದೆ. ಟಂಗ್‌ಸ್ಟನ್ ಮೊನೆಯನ್ನು ಉದ್ದುದ್ದಕ್ಕೆ ಮಸೆಯಬೇಕು, ಅಡ್ಡಡ್ಡ ಮಸೆದರೆ ಆರ್ಕ್ ಅಲೆದಾಡುತ್ತದೆ. ಕೆಂಪು ಗುರುತಿನದರಲ್ಲಿ ಥೋರಿಯಂ ಇರುತ್ತದೆ, ಅದು ಅಲ್ಪಸ್ವಲ್ಪ ವಿಕಿರಣ ಸೂಸುವ ಧಾತು. ಮಸೆದ ಪುಡಿ ಮೂಗಿಗೆ ಹೋಗದಂತೆ ಮಾಸ್ಕ್ ಹಾಕಿ. ಲ್ಯಾಂಥನಂ ಇರುವುದು ಸಿಕ್ಕರೆ ಇನ್ನೂ ಒಳ್ಳೆಯದು.

ಇನ್ನು ಆರು ಗಂಟೆಯ ಜಾಗ. ಬಹುತೇಕರು ಪರೀಕ್ಷೆ ಕಳೆದುಕೊಳ್ಳುವುದು ಇಲ್ಲೇ ಎಂದು ನನ್ನ ಅಂದಾಜು. ತಳದಲ್ಲಿ ಕರಗಿದ ಲೋಹ ತನ್ನ ಭಾರಕ್ಕೆ ಕೆಳಗೆ, ಅಂದರೆ ಪೈಪಿನ ಹೊರಗೆ, ಜೋತು ಬೀಳುತ್ತದೆ. ಹೊರಗಿನಿಂದ ನೋಡಿದರೆ ಬೆಸುಗೆ ತುಂಬಿದಂತೆ ಕಾಣುತ್ತದೆ, ಪೈಪಿನೊಳಗೆ ಕಣ್ಣಿಟ್ಟರೆ ಹಳ್ಳ. ಹೀಟ್ ಜಾಸ್ತಿಯಾದಷ್ಟೂ ಹಳ್ಳ ಆಳ. ಪರಿಹಾರ ಮೂರು ಕೆಲಸ ಒಟ್ಟಿಗೆ ಮಾಡುವುದರಲ್ಲಿದೆ: ಆರ್ಕನ್ನು ಆದಷ್ಟು ಗಿಡ್ಡ ಹಿಡಿಯಬೇಕು, ತಂತಿಯ ತುದಿಯನ್ನು ಗ್ಯಾಪಿನ ಮೂಲಕ ಒಳಗೋಡೆಯ ಮಟ್ಟದವರೆಗೆ ಮೇಲಕ್ಕೆ ಒತ್ತಿ ಲೋಹವನ್ನು ಒಳಗೇ ಇಡಬೇಕು, ಎರಡೂ ಅಂಚು ಕರಗಿ ಕೀಹೋಲ್, ಅಂದರೆ ಬೀಗದ ಕಿಂಡಿಯಂಥ ತೂತು, ತೆರೆದದ್ದು ಕಂಡ ಮೇಲಷ್ಟೇ ಮುಂದೆ ಸರಿಯಬೇಕು. ಕೀಹೋಲ್ ದೊಡ್ಡದಾಗುತ್ತ ಹೋದರೆ ನಿಲ್ಲಿಸಿ ಆರಲು ಬಿಡಿ. ನಿಲ್ಲಿಸುವುದು ಸೋಲಲ್ಲ. ಆರ್ಕನ್ನು ಮಾತ್ರ ಗ್ಯಾಪಿನ ನಡುವೆ ಥಟ್ಟನೆ ಆರಿಸಬಾರದು, ಪಕ್ಕದ ಗೋಡೆಗೆ ಎಳೆದು ಆರಿಸಬೇಕು. ಇಲ್ಲದಿದ್ದರೆ ಕೊನೆಯ ಬಿಂದುವಿನಲ್ಲಿ ಸಣ್ಣ ಗುಳಿ ಬಿದ್ದು ಅದರ ಮಧ್ಯೆ ಬಿರುಕು ಹುಟ್ಟುತ್ತದೆ. ಆರಿಸಿದ ಮೇಲೂ ಕೆಂಪು ಹೋಗುವ ತನಕ ಟಾರ್ಚ್ ಕದಲಿಸಬಾರದು. ಬಿಸಿ ಲೋಹಕ್ಕೂ ಟಂಗ್‌ಸ್ಟನ್ನಿಗೂ ಆಗ ಇರುವ ರಕ್ಷಣೆ ಆರ್ಗಾನ್ ಒಂದೇ.

ಆ ಆರ್ಗಾನಿಗೆ ನಮ್ಮೂರಿನ ಗಾಳಿಯೇ ಶತ್ರು. ಜೂನ್, ಜುಲೈನಲ್ಲಿ ಮಲೆನಾಡಿನ ಕಡೆಯಿಂದ ಬೀಸುವ ಮಳೆಗಾಳಿ ತೆರೆದ ಶೆಡ್ಡಿನೊಳಗೆ ನುಗ್ಗಿ ಆರ್ಗಾನನ್ನು ಹಾರಿಸಿಕೊಂಡು ಹೋಗುತ್ತದೆ, ಬೆಸುಗೆಯಲ್ಲಿ ಸೂಜಿತೂತುಗಳು ಕಾಣಿಸುತ್ತವೆ. ಗ್ಯಾಸ್ ಜಾಸ್ತಿ ಬಿಟ್ಟರೆ ಸರಿಹೋಗುತ್ತದೆ ಎನ್ನುವವರಿದ್ದಾರೆ, ಅದು ತಪ್ಪು. ವೇಗ ಮಿತಿ ಮೀರಿದರೆ ಗ್ಯಾಸ್ ಸುಳಿಯಾಗಿ ತಿರುಗಿ ಹೊರಗಿನ ಗಾಳಿಯನ್ನು ತಾನೇ ಒಳಗೆ ಎಳೆದುಕೊಳ್ಳುತ್ತದೆ. ನಿಮಿಷಕ್ಕೆ 8ರಿಂದ 10 ಲೀಟರ್ ಇಟ್ಟು, ಸುತ್ತ ಟಾರ್ಪಾಲು ಕಟ್ಟಿ, ಫ್ಯಾನ್ ಆರಿಸಿ ಕೂತರೆ ಸಾಕು. ಸಿಲಿಂಡರು ನಮಗೆ ಹಾಸನದಿಂದ ಬರಬೇಕು, ದುಂದು ಮಾಡಲು ಯಾರಿಗೂ ಆಗುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಆದರೆ ಪೈಪಿನೊಳಗೂ ಆರ್ಗಾನ್ ತುಂಬಬೇಕು, ತುಂಬದಿದ್ದರೆ ರೂಟ್ ಕಪ್ಪಾಗಿ ಒರಟಾಗುತ್ತದೆ. ಡೈರಿಯ ಹಾಲಿನ ಲೈನಿನಲ್ಲಿ ಅಂಥ ಒರಟಿನ ಸಂದಿ ಬ್ಯಾಕ್ಟೀರಿಯಾಕ್ಕೆ ಮನೆ.

ರೂಟ್ ಮೇಲಿನ ಪದರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡನೇ ಪದರಕ್ಕೆ ಹೀಟ್ ಅತಿಯಾದರೆ ಚೆನ್ನಾಗಿ ಕೂತಿದ್ದ ರೂಟ್ ಮತ್ತೆ ಕರಗಿ ಕುಸಿಯುತ್ತದೆ, ಅಷ್ಟು ನೆನಪಿದ್ದರೆ ಸಾಕು. ಒಂದು ಪದರ ಶುರುವಾದ ಜಾಗದ ಮೇಲೇ ಮುಂದಿನದನ್ನು ಶುರು ಮಾಡಬೇಡಿ.

ಅಭ್ಯಾಸದ ತುಂಡನ್ನು ಮೇಲಿಂದ ನೋಡಿ ಖುಷಿಪಟ್ಟು ಮೂಲೆಗೆ ಎಸೆಯುವುದು ನಮ್ಮಲ್ಲಿ ರೂಢಿ. ಅದನ್ನು ಕೊಯ್ದು ಬಗ್ಗಿಸಿ ನೋಡಿ. ಬೆಸುಗೆ ನಡುವೆ ಬರುವಂತೆ ಗ್ರೈಂಡರಿನಲ್ಲಿ ಪಟ್ಟಿ ಕತ್ತರಿಸಿ, ಎರಡೂ ಮುಖ ನಯ ಮಾಡಿ, ಹೈಡ್ರಾಲಿಕ್ ಜಾಕಿಗೆ ಗಟ್ಟಿ ಚೌಕಟ್ಟು ಕಟ್ಟಿಕೊಂಡು 180 ಡಿಗ್ರಿ ಬಗ್ಗಿಸಿ. ಕೆಲವು ಪಟ್ಟಿಗಳಲ್ಲಿ ರೂಟ್ ಹೊರಮೈಗೆ ಬರಲಿ, ಕೆಲವದರಲ್ಲಿ ಕ್ಯಾಪ್, ಅಂದರೆ ಕೊನೆಯ ಪದರ. ಸಂಹಿತೆಯ ಪ್ರಕಾರ ಬಾಗಿದ ಹೊರಮೈಯಲ್ಲಿ 3 ಮಿಲಿಮೀಟರ್ ಮೀರಿದ ಸೀಳು ಕಂಡರೆ ಫೇಲು. ನಾನು ಪ್ರತಿ ತುಂಡಿನ ಮೇಲೂ ಗಂಟೆಯ ಗುರುತು ಪಂಚ್ ಹೊಡೆದಿಡುತ್ತಿದ್ದೆ. ಸೀಳು ಯಾವ ಗಂಟೆಯ ಪಟ್ಟಿಯಲ್ಲಿ ಬಂತೋ ಮರುದಿನದ ಅಭ್ಯಾಸವೆಲ್ಲ ಆ ಜಾಗಕ್ಕೇ ಮೀಸಲು. ಯಾವ ಮೇಷ್ಟ್ರಿಗಿಂತಲೂ ಹೆಚ್ಚು ಕಲಿಸಿದ್ದು ಆ ಬಾಗಿದ ಪಟ್ಟಿಗಳು. ಪರೀಕ್ಷೆಯ ದಿನ ಇನ್ಸ್‌ಪೆಕ್ಟರ್ ಎದುರು ನಿಂತಾಗ ಕೈ ನಡುಗದೇ ಇದ್ದುದಕ್ಕೂ ಅವೇ ಕಾರಣ. ನನ್ನ ಬೆಸುಗೆಯೊಳಗೆ ಏನಿದೆ ಎಂದು ನನಗೆ ಮೊದಲೇ ಗೊತ್ತಿತ್ತು.

ಐಟಿಐನ ವೆಲ್ಡರ್ ಕೋರ್ಸು ಒಂದು ವರ್ಷದ್ದು, ಟಿಗ್ ಅದರ ಪಠ್ಯದಲ್ಲೇ ಇದೆ. ಬೇಲೂರು, ಅರಸೀಕೆರೆ ಕಡೆಯಿಂದ ಅಲ್ಲಿಗೆ ಹೋಗುವ ಮಕ್ಕಳು ಪ್ಲೇಟಿನ ಮೇಲಷ್ಟೇ ಬೆಸೆದು ಸರ್ಟಿಫಿಕೇಟ್ ತಂದರೆ ಸಾಲದು. ಓರೆಯಾಗಿ ಬಿಗಿದ ಪೈಪಿನ ಮುಂದೆ ಅವರನ್ನು ಕೂರಿಸಿ, ಬೆಸೆದ ತುಂಡನ್ನು ಅವರ ಕಣ್ಣೆದುರೇ ಬಗ್ಗಿಸಿ ತೋರಿಸಿ ಎಂದು ಅಲ್ಲಿನ ಮೇಷ್ಟ್ರುಗಳನ್ನು ಕೇಳಿಕೊಳ್ಳುತ್ತೇನೆ.

ಈಗಾಗಲೇ ಪಾಸಾಗಿರುವವರಿಗೂ ಒಂದು ಮಾತು. ಒಂದು ಕಂಪನಿಯ ಪರೀಕ್ಷೆಯನ್ನು ಇನ್ನೊಂದು ಕಂಪನಿ ಸಾಮಾನ್ಯವಾಗಿ ಒಪ್ಪುವುದಿಲ್ಲ, ಗೇಟಿನೊಳಗೆ ಹೋದ ಮೇಲೆ ಮತ್ತೆ ಪೈಪು ಕೊಟ್ಟು ಕೂರಿಸುತ್ತಾರೆ. ಅದೇ ಕಂಪನಿಯಲ್ಲಿದ್ದರೂ ಆರು ತಿಂಗಳು ಟಿಗ್ ಮುಟ್ಟದಿದ್ದರೆ ಸಂಹಿತೆಯ ಪ್ರಕಾರ ಅರ್ಹತೆ ಬಿದ್ದುಹೋಗುತ್ತದೆ. ಹಾಗಾಗಿ ಕೊನೆಯ ಬಾರಿ ಟಿಗ್ ಹಿಡಿದದ್ದು ಎಂದು, ಯಾವ ಜಾಯಿಂಟಿಗೆ ಎನ್ನುವುದನ್ನು ಬರೆಸಿ, ಸೂಪರ್‌ವೈಸರ್ ಸಹಿ ಹಾಕಿಸಿ ಇಟ್ಟುಕೊಳ್ಳಿ.